ಹೊತ್ತವರು ತಲೆ ಎತ್ತಬಾರದು

ತುದಿಯ ಅಂತಸ್ತು
ಬಿಸಿಲುಗಾಲದ ಕೊನೆಯ ಸೋಮವಾರ

ಪ್ರೀತಿಯ ಅಪ್ಪನಿಗೆ,

ದೊರೆಸಾನಿ ಹುಟ್ಟಿ ತಿಂಗಳು ದಾಟಿತು. ಹೆಸರಿಡುವ ಮೊದಲೇ ಈ ಹೆಸರು ಅವಳಿಗೆ ಅಂಟಿಕೊಂಡಿದೆ. ಬೇಕಾದಾಗ ಕೂಗುತ್ತಾಳೆ, ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ, ಒಪ್ಪಿಗೆಯಾಗದಿದ್ದರೆ ಮುಖ ತಿರುಗಿಸುತ್ತಾಳೆ. ಮೂಗು ನಿನ್ನದೇ. ಬಂದು ನೋಡಿದ್ದರೆ ನಿನಗೇ ಗೊತ್ತಾಗುತ್ತಿತ್ತು. ಬರಲಿಲ್ಲವೆಂದು ಬೈಯಲು ಈ ಕಾಗದ ಬರೆಯುತ್ತಿಲ್ಲ, ಬೈಯುವುದಕ್ಕೆ ಬೇರೆ ಕಾಗದ ತೆಗೆದಿಟ್ಟಿದ್ದೇನೆ.

ಮನೆ ಹೇಗಿದೆ ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ನೀನಿರುವ ಹಾಳೂರಿನ ಕಂಬಗಳ ಮೇಲೆ ಕಲ್ಲಿನ ಅಂತಸ್ತು, ಅದರ ಮೇಲೆ ಇಟ್ಟಿಗೆಯದು, ಅದರ ಮೇಲೆ ಮರದ್ದು. ಮರವೂ ಮುಗಿದ ಮೇಲೆ ನಾವು. ನಮ್ಮ ಗೋಡೆ ಬೆತ್ತದ ಹೆಣಿಗೆ, ಅದಕ್ಕೆ ಮೆತ್ತಿದ ಸುಣ್ಣ. ಮೇಲೇರಿದಷ್ಟೂ ಗೋಡೆ ತೆಳ್ಳಗಾಗುತ್ತದೆ, ಜನರ ದನಿ ಮೆತ್ತಗಾಗುತ್ತದೆ. ನಾನು ಸೀನಿದರೆ ಪಕ್ಕದ ಮನೆಯ ಅಜ್ಜಿ ತನ್ನ ಮನೆಯಲ್ಲೇ ಕೂತು "ಶತಾಯುಸ್ಸು" ಅನ್ನುತ್ತಾಳೆ. ಬೆಳಿಗ್ಗೆ ಮೋಡ ಹೇಳದೆ ಕೇಳದೆ ಬರುವ ನೆಂಟನ ಹಾಗೆ ಒಂದು ಕಿಟಕಿಯಿಂದ ಬಂದು, ಹಾಸಿಗೆ ಒದ್ದೆ ಮಾಡಿ, ಇನ್ನೊಂದು ಕಿಟಕಿಯಿಂದ ಹೋಗುತ್ತದೆ. ಅದು ಸರಿದ ಮೇಲೆ ಕಾಣುವುದನ್ನು ನಿನಗೆ ಹೇಗೆ ಬರೆಯಲಿ. ಕಣ್ಣು ಹೋದಷ್ಟು ದೂರ ಗೋಪುರಗಳು. ಒಂದರಿಂದ ಒಂದಕ್ಕೆ ಸೇತುವೆ, ಸೇತುವೆಯ ಮೇಲೆ ಪೇಟೆ, ಪೇಟೆಯ ಕೆಳಗೆ ಹಕ್ಕಿಗಳು. ಒಣಹಾಕಿದ ಬಟ್ಟೆ ರಾಟೆಯ ಹಗ್ಗದಲ್ಲಿ ಎದುರು ಗೋಪುರಕ್ಕೆ ಹೋಗಿ ವಾಪಸ್ಸು ಬರುತ್ತದೆ. ಮೊನ್ನೆ ಅಲ್ಲಿಯ ಯಾರದೋ ಕಾಲುಚೀಲ ನಮಗೆ ಬಂತು, ದೊರೆಸಾನಿಯ ಅಂಗಿ ಅವರಿಗೆ ಹೋಯಿತು. ಅಂಗಿಯನ್ನು ಮಡಿಸಿ, ಹರಿದಿದ್ದ ತೋಳನ್ನು ಹೊಲಿದು ಕಳಿಸಿದ್ದರು. ಅವರ ಮುಖ ನಾನಿನ್ನೂ ನೋಡಿಲ್ಲ.

ಇಷ್ಟೆಲ್ಲ ಚೆಂದ. ಆದರೆ ಅಪ್ಪಾ, ಇದು ಅಲ್ಲಾಡುತ್ತದೆ.

ಸೂರಿನ ಕೊಕ್ಕೆಗೆ ತೊಟ್ಟಿಲು ಕಟ್ಟಿದ್ದೇವೆ. ಯಾರೂ ಮುಟ್ಟದಿದ್ದರೂ ಅದು ತೂಗುತ್ತಿರುತ್ತದೆ. ತೂಗುತ್ತಿರುವುದು ತೊಟ್ಟಿಲಲ್ಲ, ಮನೆ. ಎತ್ತರದ ಕಟ್ಟಡ ಅಲ್ಲಾಡಲೇಬೇಕು, ಇಲ್ಲದಿದ್ದರೆ ಮುರಿಯುತ್ತದೆ ಎಂದು ಕಾಲೇಜಿನ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಆಗ ಅಂಕ ಬಂತು, ಈಗ ನಿದ್ದೆ ಬರುತ್ತಿಲ್ಲ. ಅಮ್ಮ ಹೋದ ಮೇಲೆ ನೀನು ನನ್ನನ್ನು ಕೆಲಸದ ಜಾಗದಲ್ಲೇ, ಆ ಕದಲದ ಕಲ್ಲುಗಳ ನಡುವೆ ಚಾಪೆ ಹಾಸಿ ಮಲಗಿಸಿ ಬೆಳೆಸಿದೆ. ನನ್ನ ಬೆನ್ನಿಗೆ ಬೇರೆ ನೆಲ ಗೊತ್ತಿಲ್ಲ.

ಈ ಗೋಪುರದ ಬುಡಕ್ಕೆ ಆಸರೆಗಂಬ ಕೊಡುವ ಮೇಸ್ತ್ರಿ ನೀನು. ನಿನಗೆ ತಿಳಿಯದ್ದು ಇನ್ಯಾರಿಗೆ ತಿಳಿದೀತು? ಒಂದೇ ಮಾತು ಬರೆದು ಕಳಿಸು, "ಬೀಳುವುದಿಲ್ಲ" ಎಂದು. ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತೇನೆ. ಬರೆಯಲಾಗದಿದ್ದರೆ ಮಗುವನ್ನು ಎತ್ತಿಕೊಂಡು ಕೆಳಗೆ ಬಂದುಬಿಡುತ್ತೇನೆ, ಅವಳನ್ನು ಇಲ್ಲಿ ಬೆಳೆಸುವುದಿಲ್ಲ.

ನಿನ್ನ ಮಗಳು


ಹಾಳೂರು
ಗಾಳಿಗಾಲದ ಮೊದಲ ಗುರುವಾರ

ಮಗಳಿಗೆ ಆಶೀರ್ವಾದ.

ಕಾಗದ ಬಂತು. ಅಂಚೆಬುಟ್ಟಿ ಇಳಿಸುವವನು "ತುದಿಯಿಂದ ಬಂದಿದೆ ಮೇಸ್ತ್ರಿ, ಮುಟ್ಟಿ ನೋಡಿ, ಇನ್ನೂ ತಣ್ಣಗಿದೆ" ಎಂದು ಕೊಟ್ಟ. ಮೂಗು ನನ್ನದು ಅಂದೆ. ಪಾಪ ಕೂಸು. ದೊಡ್ಡವಳಾದ ಮೇಲೆ ನನ್ನನ್ನು ಬೈಯಲಿ.

ಈ ವಾರ ಹಳೆಯವರ ಕಾಲುವೆಯೊಂದು ಸಿಕ್ಕಿತು. ಹೂಳು ತೆಗೆದು ಒಂದು ಕೊಡ ನೀರು ಬಿಟ್ಟೆವು. ಯಾರನ್ನೂ ದಾರಿ ಕೇಳದೆ ಹರಿದು ಹೋಯಿತು. ಕಟ್ಟಿದವರು ಯಾರೋ, ಅವರ ಭಾಷೆ ಯಾವುದೋ, ಒಬ್ಬರೂ ಉಳಿದಿಲ್ಲ. ನೀರಿಗೆ ಮಾತ್ರ ಇನ್ನೂ ನೆನಪಿದೆ. ನಮ್ಮ ಹುಡುಗರೆಲ್ಲ ಕೆಲಸ ಬಿಟ್ಟು ನೋಡುತ್ತಾ ನಿಂತರು, ನಾನೂ ಬೈಯಲಿಲ್ಲ.

ನಿಮ್ಮ ಗೋಪುರದ ಕೆಳಗೆ ಉತ್ತರದ ಕಮಾನಿನಲ್ಲಿ ಎರಡು ಮರದ ಕಂಬಗಳನ್ನು ಹುಳ ತಿಂದಿದೆ. ತೆಗೆದು ಕಲ್ಲಿನವು ಕೊಡಬೇಕು. ಈ ಕಾಲದಲ್ಲೇ ಒಂದೊಂದಕ್ಕೆ ಒಂದು ಸಲ ನಿಲುಗಂಟೆ ಹೊಡೆಯುತ್ತೇವೆ. ಕೇಳಿದ ಕೂಡಲೇ ಎಲ್ಲಿದ್ದೀಯೋ ಅಲ್ಲೇ ನಿಲ್ಲಬೇಕು. ಕಂಬ ಬದಲಾಗುವಷ್ಟು ಹೊತ್ತು ಮೇಲಿನ ಭಾರ ಕದಲಬಾರದು ಅನ್ನುವುದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಮಗುವಿಗೆ ಗೊತ್ತಾಗುವುದಿಲ್ಲ, ಪರವಾಗಿಲ್ಲ.

ನಾನು ಬರುವ ವಿಷಯ. ಹೊತ್ತವರು ತಲೆ ಎತ್ತಬಾರದು ಎಂದು ನಮ್ಮ ಕೆಲಸದಲ್ಲಿ ಒಂದು ಮಾತಿದೆ. ಹೊರೆ ಎಷ್ಟಿದೆ ಎಂದು ನೋಡಿದವನ ಹೆಗಲು ಆಮೇಲೆ ನಡುಗುತ್ತದಂತೆ. ನನಗೆ ಕೆಲಸ ಕಲಿಸಿದವರು ಕಲ್ಲಿನ ಅಂತಸ್ತು ದಾಟಲಿಲ್ಲ, ನಾನೂ ದಾಟಿಲ್ಲ. ತಪ್ಪು ತಿಳಿಯಬೇಡ.

ನೀನು ಕೇಳಿದ್ದನ್ನು ಓದಿದೆ. ಮಲಗುವ ಮುಂಚೆ ಬಿಸಿ ಹಾಲು ಕುಡಿ.

ನಿನ್ನ ಅಪ್ಪ


ತುದಿಯ ಅಂತಸ್ತು
ಗಾಳಿಗಾಲದ ಮೂರನೇ ಬುಧವಾರ

ಅಪ್ಪಾ,

ಹಾಲು ಕುಡಿದೆ.

ತೊಟ್ಟಿಲಿಗೆ ನಾಲ್ಕೂ ಕಡೆಯಿಂದ ಹಗ್ಗ ಬಿಗಿದು ಗೋಡೆಗೆ ಕಟ್ಟಿದೆ. ಈಗ ಅದು ತೂಗುವುದಿಲ್ಲ, ಅವಳು ಮಲಗುವುದಿಲ್ಲ. ಅಜ್ಜಿ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಏನಮ್ಮಾ, ಮಗೂನ ಕರು ಕಟ್ಟಿದ ಹಾಗೆ ಕಟ್ಟಿದ್ದೀಯ?"

"ತೊಟ್ಟಿಲು ಕಟ್ಟಿದ್ದೀನಿ ಅಜ್ಜಿ, ಮಗೂನಲ್ಲ."

"ಎರಡೂ ಒಂದೇ ಕಣೇ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಗೋಡೆ ಹಿಡ್ಕೊಂಡೇ ಓಡಾಡ್ತಿದ್ದೆ. ನಮ್ಮತ್ತೆ ಕೇಳೋಳು, ಗೋಡೆ ಬೀಳುತ್ತೆ ಅಂತ ಹಿಡ್ಕೊಂಡಿದ್ದೀಯೋ, ನೀನು ಬೀಳ್ತೀಯ ಅಂತ ಹಿಡ್ಕೊಂಡಿದ್ದೀಯೋ ಅಂತ."

"ನೀವೇನು ಹೇಳಿದ್ರಿ?"

"ನೀವು ಬಿದ್ದೀರಿ ಅಂತ ಹಿಡ್ಕೊಂಡಿದ್ದೀನಿ ಅತ್ತೆ ಅಂದೆ. ಆಮೇಲೆ ಕೇಳಲಿಲ್ಲ."

ನಗು ಬಂತು. ಅವಳು ಹೋದ ಮೇಲೆ ಹಗ್ಗವನ್ನು ಇನ್ನಷ್ಟು ಬಿಗಿದೆ.

ನಿನ್ನ ಗಂಟೆ ನಿನ್ನೆ ಹೊಡೆಯಿತು. ಚಿಕ್ಕಂದಿನಿಂದ ಅದನ್ನು ಬುಡದಲ್ಲೇ ಕೇಳಿದವಳು, ಮೇಲಿನಿಂದ ನೋಡಿದ್ದು ಇದೇ ಮೊದಲು. ಬಾಗಿಲಲ್ಲಿ ಅಜ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದವಳು ಹಾಗೇ ಉಳಿದಳು. ಓಣಿಯ ಕ್ಷೌರಿಕ ಕತ್ತಿ ಎತ್ತಿ ಹಿಡಿದ, ಅವನ ಗಿರಾಕಿ ಅರ್ಧ ಮುಖದ ನೊರೆಯಲ್ಲಿ ಕಣ್ಣು ಮಿಟುಕಿಸದೆ ಕೂತ. ಅರ್ಧ ಹೆಣೆದ ಸೇತುವೆಯ ಮೇಲೆ ನಿನ್ನ ಅಳಿಯ ಒಂದು ಕಾಲು ಹಲಗೆಯ ಮೇಲೆ, ಒಂದು ಕಾಲು ಹಗ್ಗದ ಮೇಲೆ. ಯಾವ ವಿಷಯಕ್ಕೂ ಒಪ್ಪದ ಈ ಊರು ಒಂದೇ ಒಂದು ಮಾತಿಗೆ ಒಪ್ಪಿ ನಿಂತಿತ್ತು. ದೊರೆಸಾನಿ ಮಾತ್ರ ಕೂಗುತ್ತಿದ್ದಳು.

ಆಗ ನೆಲ ಕುಸಿಯಿತು. ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ, ಅಷ್ಟೇ. ಅಷ್ಟು ಸಾಕಾಯಿತು. ಮಗುವನ್ನು ಕಿತ್ತುಕೊಂಡು ಓಡಿದೆ. ಇನ್ನು ಕದಲಬಹುದು ಅನ್ನುವ ಬಿಡುವಿನ ಗಂಟೆ ಇನ್ನೂ ಹೊಡೆದಿರಲಿಲ್ಲ. ಮೆಟ್ಟಿಲ ತುಂಬ ಜನ ಬೊಂಬೆಗಳ ಹಾಗೆ ನಿಂತಿದ್ದರು, ಕಣ್ಣು ಮಾತ್ರ ನನ್ನ ಜೊತೆ ಓಡುತ್ತಿದ್ದವು. ಯಾರೂ ಕೈ ಚಾಚಿ ಹಿಡಿಯಲಿಲ್ಲ, ಚಾಚಬಾರದಲ್ಲ. ಹುಟ್ಟಿದಾಗಿನಿಂದ ನಿಲುಗಂಟೆಗೆ ನಿಂತವಳು, ಮೇಸ್ತ್ರಿಯ ಮಗಳು, ನಾನೊಬ್ಬಳೇ ಓಡಿದೆ. ಕಮಾನಿನ ಕೆಳಗೆ ನೀನಿದ್ದೀಯ ಅನ್ನುವುದು ಮರದ ಅಂತಸ್ತಿಗೆ ಬಂದ ಮೇಲೆ ನೆನಪಾಯಿತು. ಕಾಲು ಅಲ್ಲೇ ನಿಂತಿತು.

ಆಮೇಲೆ ನಿಮ್ಮವರ ಮಾತು ಬಾಯಿಂದ ಬಾಯಿಗೆ ಮೇಲೆ ಬಂತು, "ಇವತ್ತು ನಿಂತಿದೆ." ನಮ್ಮ ಅಂತಸ್ತು ಮುಟ್ಟುವ ಹೊತ್ತಿಗೆ ಅದಕ್ಕೆ "ಒಬ್ಬಳನ್ನು ಬಿಟ್ಟು" ಅಂತ ಬಾಲ ಬೆಳೆದಿತ್ತು. ಎಲ್ಲರೂ ನಕ್ಕರು. ನಾನು ಬಟ್ಟೆ ಗಂಟು ಕಟ್ಟಿದೆ.

ನಿನಗೇನೂ ಆಗಲಿಲ್ಲ ತಾನೇ? ಕೈ, ಹೆಗಲು? ಈ ಕಾಗದದ ಹಿಂದೆಯೇ ಬರುತ್ತಿದ್ದೇನೆ.

ಮಗಳು


ಹಾಳೂರು, ಅಪ್ಪನ ಮನೆ
ಗಾಳಿಗಾಲದ ಐದನೇ ಭಾನುವಾರ

ರೀ,

ಸುಖವಾಗಿ ತಲುಪಿದೆವು ಎಂದು ಆಗಲೇ ಹೇಳಿ ಕಳಿಸಿದ್ದೆ. ಅಪ್ಪ ಗಟ್ಟಿಮುಟ್ಟಾಗಿದ್ದಾನೆ. ಬಂದ ದಿನವೇ ಧೈರ್ಯ ಮಾಡಿ ಕೇಳಿದೆ, ನಾನು ಓಡಿದ್ದು ಗೊತ್ತಾಯಿತಾ ಎಂದು.

"ಕಂಬಕ್ಕೆ ಕೈಯಿಟ್ಟಿದ್ದೆ. ಯಾರೋ ಹೆದರಿಕೊಂಡು ಓಡ್ತಿದ್ದಾರೆ ಅಂತ ಗೊತ್ತಾಯ್ತು. ನೀನು ಅಂತ ಗೊತ್ತಾಗಿದ್ದು ಕಾಗದ ಬಂದ ಮೇಲೆ."

"ಬೈಯಲ್ವಾ?"

"ಗೋಪುರಕ್ಕೆ ನಿನ್ನ ಭಾರ ಒಂದು ಗುಬ್ಬಿ ಕೂತಷ್ಟೂ ಇಲ್ಲ. ಒಬ್ಬರು ಓಡಿದ್ರೆ ಏನೂ ಆಗಲ್ಲ. ಒಬ್ಬರನ್ನ ನೋಡಿ ಎಲ್ಲರೂ ಓಡಿದ್ರೆ ಆಗುತ್ತೆ. ಅವರು ಓಡಲಿಲ್ಲವಲ್ಲ." ಅಷ್ಟು ಹೇಳಿ ಮಗುವನ್ನು ತೆಗೆದುಕೊಂಡ. ಮೂಗು ನೋಡಿ "ಛೆ" ಅಂದ. ಮುಖ ಮಾತ್ರ ಹಬ್ಬದ ಹಾಗಾಗಿತ್ತು.

"ಬೀಳಲ್ಲ ಅಂತ ಒಂದು ಮಾತು ಬರೆಯೋಕೆ ನಿನಗೇನು ಕಷ್ಟ ಆಯ್ತು ಅಪ್ಪ?" ಅಂದೆ.

"ನಮ್ಮಲ್ಲಿ ನಾಳೆಯ ಮಾತು ಆಡಲ್ಲ. ಇವತ್ತು ನಿಂತಿದೆ, ಅಷ್ಟೇ."

"ಮಗಳಿಗೂ ಅಷ್ಟೇನಾ?"

"ಮಗಳಿಗೇ ಸುಳ್ಳು ಹೇಳ್ಲಾ?"

ನಾನು ಎದ್ದು ಪಾತ್ರೆ ತೊಳೆಯಲು ಹೋದೆ.

ನೀವು ಇಲ್ಲಿಗೆ ಒಮ್ಮೆಯೂ ಸರಿಯಾಗಿ ಬಂದಿಲ್ಲ, ಮದುವೆಯ ಗಡಿಬಿಡಿಯಲ್ಲಿ ಬಂದದ್ದು ಲೆಕ್ಕಕ್ಕಿಲ್ಲ. ಅಪ್ಪ ಇರುವುದು ಹಳೆಯವರ ಮನೆಯೊಂದರಲ್ಲಿ. ಗೋಡೆ ನನ್ನ ತೋಳಿನುದ್ದ ದಪ್ಪ, ಕಲ್ಲಿಗೂ ಕಲ್ಲಿಗೂ ನಡುವೆ ಉಗುರು ತೂರುವುದಿಲ್ಲ. ಮೇಲಿನ ಕನ್ನಡಿಗಳು ಒಂದರಿಂದೊಂದಕ್ಕೆ ದಾಟಿಸಿ ಕಳಿಸುವ ಬಿಸಿಲು ಮಧ್ಯಾಹ್ನ ಬಾವಿಯಂಥ ಕಿಂಡಿಯಿಂದ ಇಳಿದು, ನಡುಮನೆಯಲ್ಲಿ ಚಾಪೆಯಷ್ಟಗಲ ಬಿದ್ದುಕೊಳ್ಳುತ್ತದೆ. ಚಿಕ್ಕವಳಿದ್ದಾಗ ಅದರ ಮೇಲೆ ಮಲಗಿ, ಅದು ಸರಿದ ಹಾಗೆ ನಾನೂ ಸರಿಯುತ್ತಿದ್ದೆ. ಒಳಕೋಣೆಯ ಮೇಲ್ಛಾವಣಿಯಲ್ಲಿ ಒಂದು ಕಲ್ಲಿನ ಬಳೆಯಿದೆ. ದೀಪಕ್ಕಿರಬೇಕು ಅಂದುಕೊಂಡಿದ್ದೆ. ಈ ಸಲ ಏಣಿ ಹಾಕಿ ಮುಟ್ಟಿ ನೋಡಿದೆ. ಬಳೆಯ ಎರಡು ಮಗ್ಗುಲೂ ಸಮವಾಗಿ ಸವೆದಿವೆ. ದೀಪ ಅಷ್ಟು ತೂಗುವುದಿಲ್ಲ ರೀ. ಇಲ್ಲಿ ಯಾರೋ ತೊಟ್ಟಿಲು ಕಟ್ಟಿದ್ದರು, ಕಲ್ಲು ಸವೆಯುವಷ್ಟು ಕಾಲ, ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಅವರಿಗೂ ನಿದ್ದೆ ಇರಲಿಲ್ಲ ಅನ್ನುವುದರಿಂದ ಯಾಕೋ ಸಮಾಧಾನವಾಯಿತು. ನಾವೂ ಆ ಬಳೆಗೇ ತೊಟ್ಟಿಲು ಕಟ್ಟಿದೆವು.

ನೆಲ ಬಂಡೆಯ ಹಾಗಿದೆ. ನಾನು ತಲೆ ಇಟ್ಟರೆ ನಿದ್ದೆ. ಆದರೆ ದೊರೆಸಾನಿ ಕಣ್ಣು ಮುಚ್ಚುತ್ತಿಲ್ಲ. ಕೈಯಲ್ಲಿ ತೂಗುವವರೆಗೆ ಸುಮ್ಮನಿರುತ್ತಾಳೆ, ಕೈ ನಿಂತರೆ ಎದ್ದು ಕೂಗುತ್ತಾಳೆ. ಅಪ್ಪನ ಕೆಲಸದವರೆಲ್ಲ ಸರದಿಯ ಮೇಲೆ ಎತ್ತಿಕೊಂಡು ನೋಡಿದರು. ಒಬ್ಬ ಹಾಡಿದ, ಅವನ ಹಾಡಿಗೆ ಅಳು ಇನ್ನೂ ಜೋರಾಯಿತು. "ಹಾಡಿನ ರುಚಿ ಗೊತ್ತು ಕೂಸಿಗೆ" ಎಂದು ಉಳಿದವರು ಅವನನ್ನು ಆಡಿಕೊಂಡರು. ಹೊಸ ಜಾಗ, ಒಗ್ಗುತ್ತದೆ ಎಂದು ಅಂದುಕೊಂಡಿದ್ದೇನೆ. ಒಗ್ಗಿದರೆ ನಾವಿಬ್ಬರೂ ಇಲ್ಲೇ ಇದ್ದುಬಿಡೋಣ ಅಂತಿದ್ದೇನೆ. ನೀವು ರಜೆಗೆ ಇಳಿದು ಬನ್ನಿ. ಕೋಪ ಮಾಡಿಕೊಳ್ಳಬೇಡಿ.

ನಿಮ್ಮವಳು


ತುದಿಯ ಅಂತಸ್ತು
ಗಾಳಿಗಾಲದ ಆರನೇ ಶನಿವಾರ

ನನ್ನವಳಿಗೆ,

ಕೋಪ ಇಲ್ಲ. ಬಟ್ಟೆ ಒಗೆದು ಎದುರು ಗೋಪುರಕ್ಕೆ ಕಳಿಸಿದೆ, ನನ್ನ ಎರಡೂ ಅಂಗಿ ಬದಲು ಒಂದು ಮೇಜುಬಟ್ಟೆ ಬಂದಿದೆ. ಅಜ್ಜಿ ಹೊತ್ತುಹೊತ್ತಿಗೆ ಊಟ ಕೊಡುತ್ತಾಳೆ, ಜೊತೆಗೆ ನಂಚಿಕೊಳ್ಳಲು ಬೈಗುಳ. "ಹೆಂಡತಿ ಹೆದರಿಕೊಂಡಾಗ ಸೇತುವೆ ಹೆಣೀತಾ ಕೂತಿದ್ದೆಯಲ್ಲೋ" ಅನ್ನುತ್ತಾಳೆ. ನಾನು ಕೂತಿರಲಿಲ್ಲ, ಒಂಟಿಕಾಲಲ್ಲಿ ನಿಂತಿದ್ದೆ ಅಂದರೆ ಕೇಳುವುದಿಲ್ಲ.

ತೊಟ್ಟಿಲಿಗೆ ನೀನು ಹಾಕಿದ ಗಂಟು ಬಿಚ್ಚಲು ನೋಡಿದೆ, ಬರಲಿಲ್ಲ. ಸೇತುವೆ ಹೆಣೆಯುವವನ ಮರ್ಯಾದೆ ಪ್ರಶ್ನೆ, ಯಾರಿಗೂ ಹೇಳಬೇಡ.

ಸೇತುವೆ ನಡುಮಧ್ಯ ಮುಟ್ಟಿತು. ಅಲ್ಲಿ ನಿಂತು ನೋಡಿದರೆ ಎರಡು ಗೋಪುರಗಳೂ ಒಂದರ ಕಡೆಗೆ ಒಂದು ಬಾಗುತ್ತವೆ, ಮತ್ತೆ ನೆಟ್ಟಗಾಗುತ್ತವೆ. ಬಹಳ ದಿನದ ಮೇಲೆ ಸಿಕ್ಕ ಸ್ನೇಹಿತರು ಮಾತಿನ ನಡುವೆ ತಲೆದೂಗುತ್ತಾರಲ್ಲ, ಹಾಗೆ. ನಿನಗೆ ತೋರಿಸಬೇಕು ಅನ್ನಿಸಿತು, ಆಮೇಲೆ ಬೇಡ ಅನ್ನಿಸಿತು.

ನನಗೂ ಹೆದರಿಕೆ ಆಗುತ್ತದೆ ಕಣೇ. ಹಗ್ಗ ಕೈಯಲ್ಲಿದ್ದಾಗ ಆಗುವುದಿಲ್ಲ. ಮನೆಗೆ ಬಂದು ಕೈ ಖಾಲಿಯಾದಾಗ ಆಗುತ್ತದೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ವಾಪಸ್ಸು ಬಾ ಎಂದು ಬರೆಯುವುದಿಲ್ಲ. ಅಲ್ಲೇ ಇರು ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ಅವಳು ಮಲಗುತ್ತಾಳಾ, ಅದನ್ನು ಬರೆ.

ನಿನ್ನವನು


ಹಾಳೂರು
ಗಾಳಿಗಾಲದ ಕೊನೆಯ ಬುಧವಾರ

ರೀ,

ಎರಡನೇ ಕಂಬ ನಿನ್ನೆ ಕೊಟ್ಟರು. ನಾನು ಮಗುವನ್ನು ಎತ್ತಿಕೊಂಡು ಕಮಾನಿನ ಹೊರಗೆ, ದೊಡ್ಡ ಕಂಬದ ಪಕ್ಕ ನಿಂತಿದ್ದೆ. ಅಪ್ಪ ಹೋಗುವಾಗ "ಕಂಬಕ್ಕೆ ಕೈಯಿಟ್ಟು ನಿಲ್ಲು" ಅಂದ. ಇಟ್ಟೆ.

ಕಲ್ಲು ಗುಂಯ್‌ಗುಡುತ್ತಿತ್ತು. ಚಿಕ್ಕಂದಿನಿಂದ ಆ ಕಂಬಗಳಿಗೆ ಒರಗಿ ಬೆಳೆದವಳು, ಕಲ್ಲಿನ ಗುಣವೇ ಹಾಗೆ ಅಂದುಕೊಂಡಿದ್ದೆ. ಅದು ಕಲ್ಲಿನದಲ್ಲ. ಮೇಲೆ ನಡೆಯುವ, ಕುಟ್ಟುವ, ಮೆಟ್ಟಿಲು ಹತ್ತುವ, ಮಕ್ಕಳನ್ನು ಅಟ್ಟಿಸಿಕೊಂಡು ಹೋಗುವ ಇಷ್ಟೂ ಜನರ ಕಾಲು. ನಿಮ್ಮದೂ ಅದರಲ್ಲಿತ್ತು.

ಗಂಟೆ ಹೊಡೆಯಿತು. ಬುಡದ ಗಂಟೆ ಕೇಳಿ ಕಲ್ಲಿನ ಅಂತಸ್ತಿನವರು ತಮ್ಮದು ಹೊಡೆದರು, ಅದನ್ನು ಕೇಳಿ ಇಟ್ಟಿಗೆಯವರು, ಅದರ ಮೇಲೆ ಮರದವರು, ಕೊನೆಗೆ ಎಲ್ಲೋ ಆಕಾಶದಲ್ಲಿ ನಮ್ಮದು. ಗಂಟೆ ಮೇಲೇರಿದ ಹಾಗೆ ನನ್ನ ಅಂಗೈ ಕೆಳಗೆ ಗುಂಯ್ ಅನ್ನುವುದು ಇಳಿಯುತ್ತಾ ಬಂತು. ದೊಡ್ಡ ಮನೆಯಲ್ಲಿ ಒಂದೊಂದೇ ಕೋಣೆಯ ದೀಪ ಆರಿಸುತ್ತಾ ಹೋದ ಹಾಗೆ. ಆಮೇಲೆ ಏನೂ ಇಲ್ಲ. ಬರೀ ಕಲ್ಲು.

ಮೇಲಿದ್ದಾಗ ನಾವು ಹೆದರಿ ನಿಲ್ಲುತ್ತೇವೆ ಅಂದುಕೊಂಡಿದ್ದೆ. ಕೆಳಗಿನಿಂದ ಅದು ಬೇರೆಯೇ. ಕಮಾನಿನ ಕೆಳಗೆ ಅಪ್ಪ ಬೆಣೆಯ ಮೇಲೆ ಸುತ್ತಿಗೆ ಇಟ್ಟು ಮೊಣಕಾಲೂರಿದ್ದ. ಅವನ ತಲೆಯ ಮೇಲೆ ಅವನನ್ನು ನೋಡದ, ಹೆಸರು ಕೇಳದ ಅಷ್ಟೂ ಜನ ಉಸಿರು ಹಿಡಿದಿದ್ದರು. ಅವನ ಒಂದು ಬೆರಳು ಜಜ್ಜದಿರಲಿ ಎಂದು. ಕ್ಷೌರಿಕ, ಅಜ್ಜಿ, ಎದುರು ಗೋಪುರದಲ್ಲಿ ಬಟ್ಟೆಯ ಹಗ್ಗ ಎಳೆಯದೆ ನಿಂತ, ಅಂಗಿ ಹೊಲಿದು ಕಳಿಸಿದವರು. ಅಪ್ಪ ಅವರನ್ನು ಹೊತ್ತಿದ್ದಾನೆ ಎಂದೇ ಇಷ್ಟು ದಿನ ತಿಳಿದಿದ್ದೆ. ಆ ಹೊತ್ತಿನಲ್ಲಿ ಅವರು ಅವನನ್ನು ಹೊತ್ತಿದ್ದರು.

ಹಳೆಯ ಕಂಬ ಜಾರಿತು, ಹೊಸದು ಕೂತಿತು. ನಮಗೆ ಮೇಲೆ ಕುಸಿತವಾಗಿ ಕಂಡದ್ದು ಇಲ್ಲಿ ಒಂದು ಬೆಣೆ ಬೆರಳಿನಷ್ಟು ಒಳಗೆ ಸರಿದದ್ದು. ಈ ನಿಶ್ಶಬ್ದದಲ್ಲಿ ದೊರೆಸಾನಿಯೊಬ್ಬಳು ಕಿರುಚುತ್ತಿದ್ದಳು. ಕೆಲಸ ಮುಗಿದ ಮೇಲೆ ಅಪ್ಪನ ಕಡೆಯವನೊಬ್ಬ ಬೆವರು ಒರೆಸಿಕೊಳ್ಳುತ್ತಾ, "ತಾಯಿ ಕಾಲಲ್ಲಿ ಓಡಿದಳು, ಮಗಳು ಬಾಯಲ್ಲಿ ಓಡ್ತಿದ್ದಾಳೆ" ಅಂದ. ಇನ್ನು ಈ ಊರಲ್ಲಿ ನನಗೆ ಬೇರೆ ಹೆಸರಿಲ್ಲ ಅಂತ ಕಾಣುತ್ತೆ.

ಮುಖ್ಯವಾದದ್ದು ಇನ್ನು ಮುಂದೆ. ಹಳೆಯ ಕಂಬ ಎಳೆದಾಗ ಧೂಳು ಎದ್ದಿತ್ತು. ಮಗುವಿಗೆ ಕೆಮ್ಮು ಬಂದೀತೆಂದು ಅಪ್ಪ ಅವಳನ್ನು ಎತ್ತಿಕೊಂಡು, ಮೇಲೆ ಹೋಗುವವರಿಗಾಗಿ ಖಾಲಿ ನಿಂತಿದ್ದ ಏರುಪೆಟ್ಟಿಗೆಯೊಳಗೆ ಕೂತು ಬಾಗಿಲು ಹಾಕಿಕೊಂಡ. ಪೆಟ್ಟಿಗೆ ನೆಲದಿಂದ ಗೇಣಷ್ಟು ಮೇಲೆ ಹಗ್ಗದಲ್ಲಿ ನೇತಾಡುತ್ತಿತ್ತಲ್ಲ, ಮೇಲೆ ಗೋಪುರ ಆಡಿದಂತೆ ಅದೂ ನಿಧಾನ ಆಡುತ್ತಿತ್ತು. ಧೂಳು ಇಳಿದ ಮೇಲೆ ಹೋಗಿ ನೋಡುತ್ತೇನೆ, ದೊರೆಸಾನಿ ಬಾಯಿ ತೆರೆದುಕೊಂಡು ಗೊರಕೆ. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಮೈ ಪೂರ್ತಿ ಸಡಿಲ ಬಿಟ್ಟು ಮಲಗಿದ್ದಳು. ಅಪ್ಪ ಕಲ್ಲಾಗಿ ಕೂತಿದ್ದ.

"ಎದ್ದು ಬಾ ಅಪ್ಪ."

"ಶ್. ಬಂದ್ರೆ ಎದ್ದುಬಿಡ್ತಾಳೆ."

ಕಲ್ಲಿನ ಅಂತಸ್ತಿನಿಂದ ಒಬ್ಬ ಕಿಂಡಿಯಲ್ಲಿ ಬಗ್ಗಿ ಕೂಗಿದ, "ಕೆಳಗೇನು ಮದುವೆ ನಡೀತಿದೆಯಾ? ಪೆಟ್ಟಿಗೆ ಬಿಡ್ರಯ್ಯಾ, ಮಂಡಿ ನೋವಿನವರಿದ್ದಾರೆ ಇಲ್ಲಿ." ಅಪ್ಪ ನನ್ನ ಕಡೆ ನೋಡಿದ. ನಾನು ಮೇಲೆ ನೋಡಿ, ಕೇಳುವಷ್ಟು ಮೆಲ್ಲಗೆ, "ಮಗು ಮಲಗಿದೆ" ಅಂದೆ. ಅವನು ಮೇಲಿನವರ ಕಡೆ ತಿರುಗಿ, "ಮಗು ಮಲಗಿದೆಯಂತೆ" ಅಂದ. ಇಟ್ಟಿಗೆಯವರು ಮರದವರಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ಆ ಮಧ್ಯಾಹ್ನವೆಲ್ಲ ಯಾರೂ ಪೆಟ್ಟಿಗೆಗೆ ಗಂಟೆ ಬಾರಿಸಲಿಲ್ಲ. ಮಂಡಿ ನೋವಿನವರೂ ಮೆಟ್ಟಿಲು ಹತ್ತಿರಬೇಕು. ಆ ಮಾತು ನಿಮ್ಮ ಸೇತುವೆಯವರೆಗೆ ಬಂತಾ? ಬಂದಿದ್ದರೆ ಅದು ನಿಮ್ಮ ಮಗಳ ವಿಷಯ.

ಅವಳು ಹುಟ್ಟಿದ್ದು ತೂಗುವ ನೆಲದ ಮೇಲೆ. ನನ್ನ ಬೆನ್ನಿಗೆ ಈ ಕಲ್ಲು ಹೇಗೋ, ಅವಳ ಬೆನ್ನಿಗೆ ಅದು ಹಾಗೆ. ನನ್ನ ನಿದ್ದೆಗಾಗಿ ಅವಳ ನಿದ್ದೆ ಕಿತ್ತುಕೊಂಡು ಬಂದಿದ್ದೆ. ಹೆದರಿಕೆ ಹೋಗಿಲ್ಲ ರೀ, ಹೋಗುವುದೂ ಇಲ್ಲವೇನೋ. ಶುಕ್ರವಾರ ಹೊರಡುತ್ತೇವೆ. ಗಂಟು ನಾನೇ ಬಿಚ್ಚುತ್ತೇನೆ, ಮುಟ್ಟಬೇಡಿ.

ನಿಮ್ಮವಳು


ತುದಿಯ ಅಂತಸ್ತು
ಮಂಜುಗಾಲದ ಎರಡನೇ ಸೋಮವಾರ

ಅಪ್ಪಾ,

ಕ್ಷೇಮವಾಗಿ ಬಂದೆವು. ಈ ಸಲ ಪೆಟ್ಟಿಗೆಯಲ್ಲಿ ಎರಡೂ ಕಣ್ಣು ಬಿಟ್ಟುಕೊಂಡೇ ಬಂದೆ. ಕಲ್ಲಿನ ಅಂತಸ್ತಿನಲ್ಲಿ ಒಬ್ಬಾಕೆ ಹತ್ತಿ, "ಮಲಗಿದ್ದ ಮಗು ಇದೇನಾ?" ಎಂದು ಕೇಳಿದಳು. ಹೌದು ಅಂದೆ. "ನಮ್ಮ ಯಜಮಾನರು ಅವತ್ತು ಅಕ್ಕಿ ಮೂಟೆ ಹೊತ್ತು ಮೆಟ್ಟಿಲು ಹತ್ತಿದರು" ಎಂದು ದೊರೆಸಾನಿಯ ಗಲ್ಲ ಹಿಂಡಿದಳು. ದೊರೆಸಾನಿ ಮುಖ ತಿರುಗಿಸಿದಳು.

ತೊಟ್ಟಿಲ ಹಗ್ಗ ಬಿಚ್ಚಿದೆ. ಮಲಗುತ್ತಾಳೆ. ಮನೆಯೇ ತೂಗುತ್ತದೆ, ನನಗೆ ಕೆಲಸವಿಲ್ಲ. ನಾನು ಪಕ್ಕದಲ್ಲಿ ಕೂತು ಅವಳ ಉಸಿರು ನೋಡುತ್ತಿರುತ್ತೇನೆ. ಮಂಜು ಇಳಿದು ಊರೆಲ್ಲ ಮುಳುಗಿ, ಗೋಪುರದ ತುದಿಗಳಷ್ಟೇ ಮೇಲೆ ಉಳಿದಾಗ, ಬೆಳಗಿನ ಮೊದಲ ಬಿಸಿಲು ಮೊದಲು ನಮಗೆ, ಆಮೇಲೆ ಕನ್ನಡಿಯಿಂದ ಕನ್ನಡಿಗೆ ಇಳಿದು ನಿನಗೆ. ನಮ್ಮ ಕಿಟಕಿಯ ಹೊರಗಿನ ಕನ್ನಡಿಯನ್ನು ಒರೆಸುವ ಕೆಲಸ ಈ ಅಂತಸ್ತಿನ ಮನೆಗಳಿಗೆ ಸರದಿಯ ಮೇಲೆ ಬರುತ್ತದೆ. ಈ ವಾರ ನಮ್ಮದು. ನಿನ್ನ ನಡುಮನೆಯಲ್ಲಿ ಬಿಸಿಲು ಸ್ವಲ್ಪ ಹೆಚ್ಚು ಬಿದ್ದಿದ್ದರೆ ಅದು ನನ್ನ ಕೈಯದು.

ನಾನಿನ್ನೂ ಸರಿಯಾಗಿ ಮಲಗುತ್ತಿಲ್ಲ. ಕಣ್ಣು ಮುಚ್ಚಿದರೆ ಯಾರಾದರೂ ಒಬ್ಬರು ಎಚ್ಚರ ಇರಬೇಕಲ್ಲ ಅನ್ನಿಸುತ್ತದೆ. ಇವರು ಇರುತ್ತೇನೆ ಅನ್ನುತ್ತಾರೆ, ಹೇಳಿ ಮುಗಿಯುವಷ್ಟರಲ್ಲಿ ನಿದ್ದೆ ಹೋಗಿರುತ್ತಾರೆ.

ಆ ಮಾತು ಬರೆ ಎಂದು ನಿನ್ನನ್ನು ಇನ್ನು ಕೇಳುವುದಿಲ್ಲ. ಬೇರೆ ಒಂದು ಕೇಳುತ್ತೇನೆ, ಅದು ಇದಕ್ಕಿಂತ ದೊಡ್ಡದು ಅಂತ ನನಗೆ ಗೊತ್ತು. ಒಂದು ಸಲ ಬಾ. ಹೊತ್ತವರು ತಲೆ ಎತ್ತಬಾರದು ಅನ್ನುತ್ತೀಯ. ಇಷ್ಟು ವರ್ಷ ಹೊತ್ತದ್ದು ಏನನ್ನು ಎಂದು ಒಮ್ಮೆಯೂ ನೋಡದೆ ಹೋಗುವುದು ಯಾವ ನ್ಯಾಯ ಅಪ್ಪ? ಬರಲಾಗದಿದ್ದರೆ ಬೇಡ, ಬೇಸರ ಮಾಡಿಕೊಳ್ಳುವುದಿಲ್ಲ. ಬೈಯಲು ತೆಗೆದಿಟ್ಟ ಕಾಗದದಲ್ಲೇ ಇದನ್ನು ಬರೆದಿದ್ದೇನೆ, ಬೇರೆ ಉಳಿದಿಲ್ಲ.

ನಿನ್ನ ಮಗಳು


ಇಟ್ಟಿಗೆ ಅಂತಸ್ತಿನ ಮೇಲ್ತುದಿ, ಚಹಾದಂಗಡಿ ಬೆಂಚು
ಮಂಜುಗಾಲದ ನಾಲ್ಕನೇ ಭಾನುವಾರ

ಮಗಳಿಗೆ,

ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡ. ಅಂಗಡಿಯವನ ಹತ್ತಿರ ಕಾಗದ ಕೇಳಿ ಬರೆಯುತ್ತಿದ್ದೇನೆ. ಅಂಚೆಬುಟ್ಟಿ ನನಗಿಂತ ಮೊದಲು ತಲುಪುತ್ತದೆ. ಬೆಳಿಗ್ಗೆ ಬೇಗ ಹೊರಟೆ. ನಮ್ಮವರಿಗೆ ಸುತ್ತಿಗೆಯ ಹಿಡಿ ತರಲು ಹೋಗುತ್ತೇನೆ ಅಂದೆ. ಯಾರೂ ನಂಬಲಿಲ್ಲ, ಯಾರೂ ಏನೂ ಕೇಳಲಿಲ್ಲ. ಹಾಡುವವನು ಮಾತ್ರ "ಮೇಸ್ತ್ರಿ, ಸುತ್ತಿಗೆ ಹಿಡಿಗೆ ನನ್ನ ಮುತ್ತು ಕೊಡಿ" ಅಂದ.

ಪೆಟ್ಟಿಗೆಯಲ್ಲಿ ಬರಲು ಧೈರ್ಯ ಸಾಲಲಿಲ್ಲ. ಮೆಟ್ಟಿಲು ಹತ್ತುತ್ತಿದ್ದೇನೆ. ಅಭ್ಯಾಸಬಲ, ಪ್ರತಿ ಗೋಡೆಗೂ ಕೈಯಿಟ್ಟು ನೋಡುತ್ತಾ ಬಂದೆ. ಚೆನ್ನಾಗಿ ಕಟ್ಟಿದ್ದಾರೆ. ಒಂದು ಕಡೆ ಗಾರೆ ಸಡಿಲ ಇತ್ತು, ಆ ಮನೆಯವರಿಗೆ ಹೇಳಿದೆ. ನೀವು ಯಾರು ಅಂದರು. ಬುಡದವನು ಅಂದೆ. ಅಲ್ಲಿಂದ ಬಿಡಲಿಲ್ಲ. ಕುರ್ಚಿ ಹಾಕಿದರು, ಅಕ್ಕಪಕ್ಕದವರನ್ನು ಕರೆದರು. ಒಬ್ಬ ಮುದುಕ ನನ್ನ ಕೈ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟೇನಾ?" ಅಂದ. ಇಷ್ಟೇ ಅಂದೆ.

ಈಗ ಕೂತಿರುವ ಕಡೆಯಿಂದ ಕೆಳಗೂ ಕಾಣುತ್ತದೆ, ಮೇಲೂ ಕಾಣುತ್ತದೆ. ತಲೆ ಎತ್ತಿ ನೋಡಿದೆ. ಏನು ಹೇಳಲಿ ಮಗಳೇ. ಇಷ್ಟು ಇದೆ ಎಂದು ನನಗೆ ಗೊತ್ತಿರಲಿಲ್ಲ. ಯಾರೋ ಸೇತುವೆಯ ಮೇಲೆ ಸೈಕಲ್ಲು ಬಿಡಲು ಕಲಿಯುತ್ತಿದ್ದಾರೆ. ಹೆಗಲು ನಡುಗಿತು, ನಿಜ. ಕೂತು ಚಹಾ ಕುಡಿದೆ, ನಿಂತಿತು.

ಇಲ್ಲಿಂದ ಮುಂದೆ ಮರ. ಈಗ ತಾನೇ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನೋಡಿ ಬಂದೆ. ನೀನು ಬರೆದದ್ದು ಸರಿ, ಆಡುತ್ತದೆ. ಇದರ ಬುಡದಲ್ಲಿ ಯಾವ ಕಲ್ಲಿಗೆ ಬಿರುಕಿದೆ, ಯಾವ ಕಂಬಕ್ಕೆ ವಯಸ್ಸಾಗಿದೆ ಎಲ್ಲ ಬಲ್ಲವನು ನಾನು. ಆ ಕಾಲನ್ನು ಇನ್ನೊಂದು ಸಲ ಇಡುತ್ತೇನೆ, ಅದರ ಹಿಂದೆ ಇನ್ನೊಂದನ್ನು.

ನಿಧಾನ ಬರುತ್ತೇನೆ, ನಡುನಡುವೆ ಕೂರುತ್ತೇನೆ, ಕತ್ತಲಾದರೂ ಆದೀತು. ಅಳಿಯನನ್ನು ಎದುರು ಕಳಿಸಬೇಡ. ಬಂದ ಮೇಲೆ ಮಗುವಿನ ಹತ್ತಿರ ನಾನು ಕೂತಿರುತ್ತೇನೆ. ನೀನು ಕಾಯುತ್ತಾ ಕೂರಬೇಡ, ಮಲಗಿರು. ಬಾಗಿಲು ತಟ್ಟುತ್ತೇನೆ.

ನಿನ್ನ ಅಪ್ಪ